ಈಗ ಒಳಗಿರುವವರು: ಸ್ಫೂರ್ತಿ

"ನಗಬೇಡಿ!"

ಅಭಿಜ್ಞಾಳ ಧ್ವನಿ ಅವಳಿಗೇ ಜೋರಾಗಿ ಕೇಳಿಸಿತು. ಶಿರಸಿಯ ಯಲ್ಲಾಪುರ ನಾಕೆಯಲ್ಲಿ, ಆ ಪುಟ್ಟ ಕಂಪ್ಯೂಟರ್ ಅಂಗಡಿಯ ಹೊರಗೆ ನಿಂತಿದ್ದ ಆಟೋದವನೂ ಒಮ್ಮೆ ತಿರುಗಿ ನೋಡಿದ.

ಕಂಪ್ಯೂಟರ್ ಎದುರು ಕೂತಿದ್ದ ಯುವಕ ನಗುವನ್ನು ಅರ್ಧಕ್ಕೇ ನುಂಗಿಕೊಂಡ.

"ತಪ್ಪಾತೇನ್ರಿ? ಈ ಹಲಸಿನಹಣ್ಣಿನ ಅಜ್ಜಿ ಕಥಿ ಓದಿ ತಡಕೊಳ್ಳಾಕ ಆಗ್ಲಿಲ್ಲ. ಯಾರು ಬರ್ದಿದ್ದು? ನೀವಾ?"

"ನನ್ನ ಅಕ್ಕ."

"ಭಾಳ ಚಂದ ಬರೀತಾರ. ಅವರಿಗೆ ಹೇಳ್ರಿ, ಇಲ್ಲೊಬ್ಬ..."

"ಅವಳು ಇಲ್ಲ."

ಅವನ ಕೈ ಮೌಸಿನ ಮೇಲೆ ಹಾಗೇ ನಿಂತುಬಿಟ್ಟಿತು. ಅಭಿಜ್ಞಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಳಬಾರದು, ಇಲ್ಲಿ ಅಳಲೇಬಾರದು... ಪರಿಚಯವಿಲ್ಲದವನ ಅಂಗಡಿ ಇದು!

ಅವಳಕ್ಕ ಸ್ಫೂರ್ತಿ ಯಲ್ಲಾಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಟೀಚರ್ ಆಗಿದ್ದಳು. ಸೋಮವಾರ ಬೆಳಿಗ್ಗೆ ಸಿದ್ದಾಪುರದಿಂದ ಬಸ್ಸು ಹತ್ತಿ, ಶಿರಸಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಹೋದರೆ ಮತ್ತೆ ಶನಿವಾರವೇ ಮನೆಗೆ. ಆ ಬಸ್ಸಿನಲ್ಲಿ ಕಂಡಿದ್ದನ್ನೆಲ್ಲ 'ಕಿಟಕಿ ಪಕ್ಕದ ಸೀಟು' ಎಂಬ ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಕಂಡಕ್ಟರ್ ಹಲಸಿನಹಣ್ಣಿಗೆ ಲಗೇಜ್ ಟಿಕೆಟ್ ಕೇಳಿದಾಗ, "ಹೆಂಗಸರಿಗೆ ಫ್ರೀ ಹೇಳಿ ಸರ್ಕಾರನೇ ಹೇಳಿದ್ದು. ಹಣ್ಣು ಬಿಡ ಮರ ಹೆಣ್ಣಲ್ದೇ ಗಂಡನಾ?" ಎಂದು ವಾದಿಸಿದ ಅಜ್ಜಿಯ ಕಥೆಯೂ ಅದರಲ್ಲೇ ಇತ್ತು.

ಎರಡು ಬೇಸಿಗೆಗಳ ಹಿಂದೆ ಮಂಗನ ಕಾಯಿಲೆ ಬಂತು. ಜ್ವರ ಅಂತ ಮಲಗಿದವಳು ಏಳಲೇ ಇಲ್ಲ. ಬ್ಲಾಗು ಮಾತ್ರ ಉಳಿಯಿತು. ಅದರ ಜಾಗಕ್ಕೆ ವರ್ಷವರ್ಷ ದುಡ್ಡು ಕಟ್ಟುವ ಖಾತೆ ಮೊದಲಿನಿಂದಲೂ ಅಭಿಜ್ಞಾಳ ಹೆಸರಿನಲ್ಲಿತ್ತು.

"ನನಗೆ ಒಂದು ಕೆಲಸ ಆಗಬೇಕು," ಎಂದಳು ಅಭಿಜ್ಞಾ. ಸಿದ್ದಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಮಾತು ಅಳತೆಗೋಲಿನಷ್ಟೇ ನೇರ. "ಅಕ್ಕನ ಬರಹದ ಕೆಳಗೆ ಯಾರ್ಯಾರೋ ಬಂದು ಕೊಳಕು ಕಮೆಂಟ್ ಹಾಕ್ತಿದ್ದಾರೆ. ಅವಳ ಫೋಟೋ ಬಗ್ಗೆ... ಓದೋಕೆ ಆಗೂದಿಲ್ಲ. ಬ್ಲಾಗಿನ ಬದಿಯಲ್ಲಿ ಲಾಗಿನ್ ಫಾರ್ಮ್ ಹಾಕಿಕೊಡಿ. ಹೆಸರು, ಪಾಸ್‌ವರ್ಡ್ ಇದ್ದವರು ಮಾತ್ರ ಬರೆಯೋ ಹಾಗೆ. ಅದು ಆಗದಿದ್ರೆ ಇಡೀ ಬ್ಲಾಗನ್ನೇ ಅಳಿಸಿಬಿಡ್ತೇನೆ."

"ಅಳಿಸ್ತೀರಾ?"

"ಮತ್ತೇನು ಮಾಡ್ಲಿ? ಅವಳನ್ನ ದಿನಾ ಬೀದಿಯಲ್ಲಿ ನಿಲ್ಲಿಸಿದ ಹಾಗೆ ಆಗ್ತದೆ ನನಗೆ!"

ಅವನು ಕುರ್ಚಿಯನ್ನು ಅವಳ ಕಡೆ ಸರಿಸಿದ.

"ಕೂಡ್ರಿ. ನನ್ನ ಹೆಸರು ಮಧುಕೇಶ್ವರ. ಬನವಾಸಿ ಕಡೆಯಾಂವ. ಬಾಗ್ಲಾ ಹಾಕಿಕೊಡ್ತೀನಿ. ಮನಿ ಕೆಡವೂದು ಬ್ಯಾಡ್ರಿ."

ಅವಳು ಕೂತಳು.

* * *

ಫಾರ್ಮ್ ಎಂದರೆ ಎಷ್ಟು ಹೊತ್ತಿನ ಕೆಲಸ? ಮಧು ಮನಸ್ಸು ಮಾಡಿದ್ದರೆ ಅವಳು ಚಹಾ ಕುಡಿಯುವಷ್ಟರಲ್ಲಿ ಮುಗಿಸಬಹುದಿತ್ತು. ಆದರೆ ಪ್ರತಿ ಶನಿವಾರ ಏನೋ ಒಂದು ಬಾಕಿ ಉಳಿಯುತ್ತಿತ್ತು. ಒಂದು ವಾರ ಅಕ್ಷರ ಸಣ್ಣದಾಯಿತು, ಇನ್ನೊಂದು ವಾರ ಮೊಬೈಲಿನಲ್ಲಿ ಫಾರ್ಮ್ ಕೆಳಗೆ ಜಾರುತ್ತಿತ್ತು. ಅಭಿಜ್ಞಾಳಿಗೂ ಶಾಲೆ ಮುಗಿದ ಕೂಡಲೇ ಶಿರಸಿ ಬಸ್ಸು ಹತ್ತಲು ನೆಪ ಬೇಕಿತ್ತೇನೋ! ಕುರುಡನಿಗೂ ಕಾಣುವ ಸಂಗತಿ, ಅವರಿಬ್ಬರಿಗೆ ಮಾತ್ರ ಕಾಣುತ್ತಿರಲಿಲ್ಲ.

ಅವನು ಸ್ಫೂರ್ತಿಯ ಒಂದೊಂದೇ ಬರಹ ಓದುತ್ತಿದ್ದ. ಬಿದ್ದು ಬಿದ್ದು ನಗುತ್ತಿದ್ದ. ಮನೆಯಲ್ಲಿ ಅಮ್ಮನೂ ಅಭಿಜ್ಞಾಳೂ ಅಕ್ಕನ ಹೆಸರನ್ನೇ ಎತ್ತುತ್ತಿರಲಿಲ್ಲ. ಎತ್ತಿದರೆ ಇನ್ನೊಬ್ಬರು ಅತ್ತಾರೆಂಬ ಭಯ. ಇಲ್ಲಿ, ಈ ಅಂಗಡಿಯಲ್ಲಿ, ಯಾರೋ ಒಬ್ಬ ಅವಳ ಮಾತಿಗೆ ನಗುತ್ತಿದ್ದಾನೆ... ಅವಳು ಈಗಷ್ಟೇ ಹೇಳಿ ಹೋದಳೇನೋ ಎಂಬಂತೆ.

"ಎಲ್ಲಾ ಕನ್ನಡದಾಗ ಇರ್ಬೇಕಲ್ರಿ?" ಕೊನೆಗೆ ಅವನು ಕೇಳಿದ. "ಲಾಗಿನ್ ಗುಂಡಿಗೆ 'ಒಳಗೆ ಬನ್ನಿ' ಅಂತ ಹಾಕೀನಿ. 'ನನ್ನನ್ನು ನೆನಪಿಡಿ' ಅಂತ ಒಂದು ಟಿಕ್ ಐತಿ, ಅದನ್ನ ಒತ್ತಿದ್ರ ಪ್ರತಿಸಲ ಪಾಸ್‌ವರ್ಡ್ ಕೇಳಂಗಿಲ್ಲ. ಲಾಗೌಟಿಗೆ ಏನ್ ಬರೀಲಿ?"

"'ಹೊರಗೆ ಹೋಗಿ.' ಅಷ್ಟೇ."

"ಸ್ವಲ್ಪ ಒರಟಾಗಂಗಿಲ್ಲ?"

"ಒಳಗೆ ಬರೋದು, ಹೊರಗೆ ಹೋಗೋದು. ಇದರಲ್ಲಿ ಒರಟು ಎಂತದು?"

"ಟೀಚರಮ್ಮ ಹೇಳಿದ ಮ್ಯಾಲ ಮುಗೀತು," ಎಂದು ಅವನು ಹಾಗೇ ಬರೆದ. ಫಾರ್ಮಿನ ಕೆಳಗೆ ಅವನೇ ಒಂದು ಸಾಲು ಸೇರಿಸಿದ: 'ಈಗ ಒಳಗಿರುವವರು.' ಯಾರು ಲಾಗಿನ್ ಆಗಿದ್ದಾರೋ ಅವರ ಹೆಸರು, ಪಕ್ಕದಲ್ಲೊಂದು ಹಸಿರು ಚುಕ್ಕೆ. "ಬಸ್ಸಿನ್ಯಾಗ ಕುಂತೋರು ಒಬ್ಬರಿಗೊಬ್ಬರು ಕಾಣಬೇಕಲ್ರಿ."

ಅವಳಿಗಾಗಿ ಹೊಸ ಖಾತೆ ತೆರೆದ. ಬ್ಲಾಗಿನ ಖಾತೆಗಳ ಪಟ್ಟಿಯಲ್ಲಿ ಸ್ಫೂರ್ತಿಯ ಹಳೆಯ ಖಾತೆ ಇನ್ನೂ ಇತ್ತು.

"ಇದು?"

"ಇರಲಿ," ಎಂದಳು ಅಭಿಜ್ಞಾ. "ಅದರ ಪಾಸ್‌ವರ್ಡ್ ಅವಳಿಗೊಬ್ಬಳಿಗೇ ಗೊತ್ತಿತ್ತು."

* * *

ಬುಧವಾರ ಸಂಜೆ. ಹತ್ತನೇ ತರಗತಿಗೆ ವಿಶೇಷ ತರಗತಿ ನಡೆಯುತ್ತಿತ್ತು. ಮಕ್ಕಳಿಗೆ ಲೆಕ್ಕ ಕೊಟ್ಟು ಅಭಿಜ್ಞಾ ಮೊಬೈಲಿನಲ್ಲಿ ಬ್ಲಾಗು ತೆರೆದಳು. ಬದಿಯಲ್ಲಿ ಫಾರ್ಮ್ ಅಚ್ಚುಕಟ್ಟಾಗಿ ಕೂತಿತ್ತು. ಅದರ ಕೆಳಗೆ...

ಈಗ ಒಳಗಿರುವವರು: ಅಭಿಜ್ಞಾ, ಸ್ಫೂರ್ತಿ.

ಅವಳ ಅಂಗೈ ತಣ್ಣಗಾಯಿತು.

ಪುಟವನ್ನು ಮತ್ತೆ ತೆರೆದಳು. ಹೆಸರು ಅಲ್ಲೇ ಇತ್ತು, ಹಸಿರು ಚುಕ್ಕೆಯ ಜೊತೆ.

"ಟೀಚರ್, ಹುಷಾರಿಲ್ವಾ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಏನಿಲ್ಲ... ಬರೀರಿ, ಬರೀರಿ."

ಮನೆಗೆ ಬಂದು ಬೀರುವಿನಲ್ಲಿದ್ದ ಅಕ್ಕನ ಲ್ಯಾಪ್‌ಟಾಪ್ ಮುಟ್ಟಿ ನೋಡಿದಳು. ಆರಿಯೇ ಇತ್ತು, ಮೇಲೆ ಧೂಳು. ಅಕ್ಕನ ಫೋನನ್ನು ಅಮ್ಮ ಆಗಲೇ ಯಾರಿಗೋ ಕೊಟ್ಟುಬಿಟ್ಟೆನೆಂದು ಹೇಳಿದ್ದಳು. ಹಾಗಾದರೆ ಯಾರು?

ಮರುದಿನ ಬೆಳಿಗ್ಗೆಯೂ ಹೆಸರು ಆರಿರಲಿಲ್ಲ. ಅದರ ಮರುದಿನವೂ ಇಲ್ಲ. ಹಲ್ಲುಜ್ಜುವಾಗ, ಸ್ಟಾಫ್ ರೂಮಿನಲ್ಲಿ, ಊಟದ ಹೊತ್ತಿನಲ್ಲಿ, ಯಾವಾಗ ನೋಡಿದರೂ ಸ್ಫೂರ್ತಿ ಒಳಗೇ ಇದ್ದಳು. ಮನೆಯಲ್ಲಿ ಅಕ್ಕ ಮಲಗುತ್ತಿದ್ದ ಕೋಣೆಯ ಬಾಗಿಲು ದಾಟುವಾಗ ಅಭಿಜ್ಞಾಳ ಹೆಜ್ಜೆ ತಾನಾಗಿಯೇ ನಿಧಾನವಾಗತೊಡಗಿತು. ವಿಜ್ಞಾನದ ಟೀಚರ್! ದೆವ್ವ-ಗಿವ್ವ ಎಂದ ಮಕ್ಕಳನ್ನು ಗದರಿಸುವವಳು! ಅವಳೇ ಒಂದು ಸಂಜೆ ಆ ಕತ್ತಲು ಕೋಣೆಯ ಎದುರು ನಿಂತು ಪಿಸುಗುಟ್ಟಿದಳು:

"ಅಕ್ಕಾ...?"

ಒಳಗೆ ಬೀರುವಿನ ಬಾಗಿಲು ಕಿರ್ರೆಂದಿತು. ಗಾಳಿ. ಗಾಳಿಯೇ ಇರಬೇಕು.

ಒಂದು ದಿನ ಕರೆಂಟು ಹೋಗಿ, ಟವರೂ ಕೈಕೊಟ್ಟು, ನೆಟ್‌ವರ್ಕ್ ಬಂದಾಗ ನೋಡಿದರೆ ಆ ಹೆಸರು ಇರಲಿಲ್ಲ. ಭಯ ಹೋಗಬೇಕಿತ್ತು. ಆದರೆ ಅವಳಿಗೆ ಎದೆಯೊಳಗೆ ಏನೋ ಕುಸಿದಂತಾಯಿತು. ಮತ್ತೆ ಹೋದೆಯಾ? ನನಗೆ ಹೇಳದೆ ಮತ್ತೆ ಹೋದೆಯಾ? ಸಂಜೆ ಚುಕ್ಕೆ ಮತ್ತೆ ಹಸಿರಾದಾಗ ಅವಳು ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಅತ್ತುಬಿಟ್ಟಳು.

ಅಂದೇ ಅಕ್ಕನ ಕೊನೆಯ ಬರಹದ ಕೆಳಗೆ ಟೈಪ್ ಮಾಡಿದಳು.

'ಅಕ್ಕಾ, ನೀನೇನಾ?'

ಉತ್ತರ ಬರಲಿಲ್ಲ. ಮರುದಿನ ನೋಡಿದರೆ ಅವಳ ಪ್ರಶ್ನೆಯೇ ಅಲ್ಲಿರಲಿಲ್ಲ! ಯಾರೋ ಅಳಿಸಿದ್ದರು.

ಅಭಿಜ್ಞಾ ತಣ್ಣಗೆ ಯೋಚಿಸಿದಳು. ಬೇರೆಯವರ ಮಾತನ್ನು ಅಳಿಸುವ ಅಧಿಕಾರ ಆ ಬ್ಲಾಗಿನಲ್ಲಿ ತನ್ನನ್ನೂ ಸತ್ತವಳನ್ನೂ ಬಿಟ್ಟರೆ ಇನ್ನೊಬ್ಬನಿಗೆ ಮಾತ್ರ ಇತ್ತು.

* * *

"ನನ್ನ ಕಮೆಂಟ್ ಅಳಿಸಿದ್ದು ನೀವಾ?"

ಶನಿವಾರ ಅಲ್ಲದ ದಿನ ಅವಳು ಬಂದಿದ್ದು ನೋಡಿಯೇ ಮಧು ಎದ್ದು ನಿಂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಜಾಸ್ತಿ. ಇವನು ಕೈ ಕೂಡ ಎತ್ತಲಿಲ್ಲ.

"ಹೌದ್ರಿ. ನಾನs."

"ಯಾಕೆ?"

ಅವನು ಕುರ್ಚಿಯನ್ನು ಅವಳ ಕಡೆ ಸರಿಸಿದ. ಅವಳು ಕೂರಲಿಲ್ಲ.

"ಅಕ್ಕನ ಹೆಸರಲ್ಲಿ ಒಳಗೆ ಕೂತಿರೋದೂ ನೀವೇ ಅಲ್ವಾ? ಹೇಳಿ! ನನ್ನ ಕಣ್ಣೆದುರು ಅವಳನ್ನ ಬದುಕಿಸಿ ಆಟ ನೋಡ್ತಾ ಇದ್ರಾ?"

"ಹಂಗಲ್ರಿ..."

"ಮತ್ತೆ ಹೇಗೆ? ಯಾರದು ಹೇಳಿ. ನಿಮಗೆ ಗೊತ್ತಿದೆ. ನಿಮ್ಮ ಮುಖ ನೋಡಿದ್ರೇ ತಿಳೀತದೆ."

ಮಧುವಿನ ತುಟಿ ಅಲುಗಿತು. ಒಂದು ಮಾತು ಬಂದು ನಾಲಿಗೆಯ ತುದಿಯಲ್ಲಿ ನಿಂತಿತ್ತು. ಆದರೆ ಅವನು ಒಬ್ಬರಿಗೆ ಮಾತು ಕೊಟ್ಟಿದ್ದ. ಹೇಳಿದರೆ ಅಲ್ಲೊಂದು ಜೀವ ಮುರಿಯುತ್ತದೆ, ಹೇಳದಿದ್ದರೆ ಎದುರಿಗಿರುವವಳು ಕೈತಪ್ಪುತ್ತಾಳೆ.

"ಹೇಳಾಕ ಬರಂಗಿಲ್ರಿ. ನನ್ನ ಬಯ್ರಿ. ನನ್ನ ಖಾತಿ ತಗದುಬಿಡ್ರಿ. ಬ್ಲಾಗ್ ಮಾತ್ರ ಅಳಿಸಬ್ಯಾಡ್ರಿ. ಕೈ ಮುಗೀತೀನಿ."

"ಅದನ್ನ ಹೇಳೋಕೆ ನೀವು ಯಾರು? ನಾಳೆಯೇ ಎಲ್ಲಾ ಅಳಿಸ್ತೇನೆ. ಅಕ್ಕನೂ ಬೇಡ, ಬ್ಲಾಗೂ ಬೇಡ, ನೀವೂ..." ಅವಳ ಧ್ವನಿ ಒಡೆಯಿತು. "ಈ ಶಿರಸಿಯಲ್ಲಿ ನನಗೆ ಒಂದೇ ಒಂದು ಜಾಗ ಇತ್ತು, ಉಸಿರಾಡೋಕೆ. ಅದನ್ನೂ ಕೆಡಿಸಿದ್ರಿ!"

ಅವಳು ಹೋದ ಮೇಲೂ ಅವನು ಬಹಳ ಹೊತ್ತು ನಿಂತೇ ಇದ್ದ. ಲಗ್ನಪತ್ರಿಕೆ ಮಾಡಿಸಲು ಬಂದವರು ಎರಡು ಸಲ ಕರೆದ ಮೇಲೆ ತಿರುಗಿದ.

* * *

ಮರುದಿನ ಪಿಯುಸಿಯವರ ಕಾರ್ಯಕ್ರಮಕ್ಕೆ ಕೋಣೆ ಬೇಕಾಗಿ ವಿಶೇಷ ತರಗತಿ ರದ್ದಾಯಿತು. ಅಭಿಜ್ಞಾ ದೀಪ ಹಚ್ಚುವ ಹೊತ್ತಿಗೇ ಮನೆ ಸೇರಿದಳು. ಶಾಲೆಯ ದಿನ ಅಷ್ಟು ಬೇಗ ಅವಳು ಮನೆಗೆ ಬಂದು ಎಷ್ಟೋ ತಿಂಗಳಾಗಿತ್ತು. ಇವತ್ತು ಅಳಿಸಿಯೇ ಬಿಡುತ್ತೇನೆ, ಮನಸ್ಸು ಬದಲಾಗುವ ಮೊದಲೇ...

ದೇವರ ಕೋಣೆಯಿಂದ ಅಮ್ಮನ ಧ್ವನಿ ಕೇಳಿತು. ಯಾರ ಹತ್ತಿರವೋ ಮಾತಾಡುವಂತೆ ಮೆಲ್ಲಗೆ.

"...ಇವತ್ತು ಬಸಳೆ ಹುಳಿ ಮಾಡಿದಿ. ನಿಂಗೆ ಅದು ಹಿಡಿಸ್ತಿತ್ತಿಲ್ಲೆ ಅಲ್ದಾ..."

ಅಭಿಜ್ಞಾ ಚಪ್ಪಲಿ ಬಿಟ್ಟು ಸದ್ದಿಲ್ಲದೆ ಹತ್ತಿರ ಹೋದಳು. ಬಾಗಿಲ ಸಂದಿಯಿಂದ ನೋಡಿದಳು.

ಆಗಷ್ಟೇ ಹಚ್ಚಿದ ದೀಪ. ಅದರ ಪಕ್ಕದಲ್ಲಿ, ಚಾರ್ಜರಿಗೆ ಹಾಕಿದ್ದ ಅಕ್ಕನ ಫೋನು! ಮೂಲೆ ಒಡೆದ ಅದೇ ಗಾಜು. ಪರದೆಯ ಮೇಲೆ 'ಕಿಟಕಿ ಪಕ್ಕದ ಸೀಟು' ತೆರೆದಿತ್ತು. ಅಮ್ಮ ಪರಿಮಳಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದಳು.

"ಅಮಾ!"

ಪರಿಮಳಾ ಬೆಚ್ಚಿ ಸೆರಗಿನಿಂದ ಫೋನು ಮುಚ್ಚಿದಳು. ಮುಚ್ಚಿ ಏನು ಪ್ರಯೋಜನ, ಬೆಳಕು ಸೀರೆಯ ನೂಲಿನಿಂದ ಹೊರಗೆ ಬರುತ್ತಿತ್ತು.

"ಬೇಗ ಬಂದ್ಯನೆ ಕೂಸೆ..."

"ಅಕ್ಕನ ಫೋನ್ ಯಾರಿಗೋ ಕೊಟ್ಟಿದ್ದಿ ಹೇಳಿದ್ದೆ ಅಲ್ದಾ?"

"ಯಾರಿಗೂ ಕೊಟ್ಟಿದ್ನಿಲ್ಲೆ." ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಸುಳ್ಳು ಹೇಳಬಾರದೆಂದು ಕಲಿಸಿದವಳು ತಲೆ ತಗ್ಗಿಸಿದಳು. "ಹ್ಯಾಂಗೆ ಕೊಡ್ಲಿ? ದಿನಾ ದೀಪ ಹಚ್ಚಿಕ್ಕೆ ಸ್ಫೂರ್ತಿ ಬರದಿದ್ದು ಒಂದೊಂದು ಓದ್ತೆ. ಒಂದಿನ ನೋಡಿರೆ ಬದಿಗೆ ಹೊಸಾ ಎಂತೋ ಬಂದಿತ್ತು. ಹೆಸರಿನ ಜಾಗದಲ್ಲಿ ತನ್ನಷ್ಟಕ್ಕೇ ಸ್ಫೂರ್ತಿ ಹೇಳಿ ತುಂಬ್ಕಂಡಿತ್ತು. ಆನು ಮುಟ್ಟಿದ್ನಿಲ್ಲೆ! ಕೆಳಗೆ 'ನನ್ನನ್ನು ನೆನಪಿಡಿ' ಹೇಳಿ ಇತ್ತು. ಅದ್ಕೆ ಒಂದು ಗುರುತು ಹಾಕಿದಿ. ಹಾಕದೇ ಹ್ಯಾಂಗೆ ಇಪ್ಪದು, ನೀನೇ ಹೇಳು?"

ಫೋನಿಗೆ ಸ್ಫೂರ್ತಿಯ ಪಾಸ್‌ವರ್ಡ್ ನೆನಪಿತ್ತು. ಇಷ್ಟು ದಿನ ಕೇಳುವವರು ಇರಲಿಲ್ಲ. ಬದಿಯಲ್ಲಿ ಫಾರ್ಮ್ ಬಂದ ಕೂಡಲೇ ಅದು ತಾನೇ ತುಂಬಿ ಕೊಟ್ಟಿತ್ತು. ಅಮ್ಮ 'ಒಳಗೆ ಬನ್ನಿ' ಎಂಬ ಗುಂಡಿ ಒತ್ತಿದ್ದಳು, ಅಷ್ಟೇ.

"ಓದಿ ಆದ್ಮೇಲೆ ಹೊರಗೆ ಬರವಾಗಿತ್ತಲೇ ಅಮಾ. ರಾತ್ರಿ-ಹಗಲು ಅಕ್ಕನ ಹೆಸರು ಕಾಣ್ತಿತ್ತು. ಎಂಗೆ ಹುಚ್ಚೇ ಹಿಡಿದಾಂಗೆ ಆಗಿತ್ತು!"

ಪರಿಮಳಾ ಫೋನು ಎತ್ತಿ ಮಗಳಿಗೆ ತೋರಿಸಿದಳು. 

"ಇಲ್ಲಿ ನೋಡು, ಎಂತ ಬರದ್ದ. 'ಹೊರಗೆ ಹೋಗಿ.' ದೀಪ ಹಚ್ಚ ಹೊತ್ತಲ್ಲಿ ಮನೆ ಮಗಳಿಗೆ ಹೊರಗೆ ಹೋಗು ಹೇಳಿ ಯಾರಾದ್ರೂ ಹೇಳ್ತ್ವನೆ? ಹೋಗಿ ಬಾ ಹೇಳಿ ಇದ್ದಿದ್ರೆ ಒತ್ತಿಬಿಡ್ತಿದ್ನೇನ. ಆಸ್ಪತ್ರೆಗೆ ಹೋಪಾಗ ಗಡಿಬಿಡಿಲಿ ಎಂಗೆ ಸ್ಫೂರ್ತಿಗೆ ಹೋಗಿ ಬಾ ಹೇಳಲೂ ಆಜಿಲ್ಲೆ..."

ಅಭಿಜ್ಞಾ ಅಮ್ಮನ ಪಕ್ಕ ಕೂತಳು. ಆ ಎರಡು ಪದ ಬರೆಸಿದವಳು ತಾನೇ! ಮಧು ಒರಟಾಗುತ್ತದೆ ಎಂದಿದ್ದ...

"ಮತ್ತೆ ಆನು ಕೇಳಿದ ಪ್ರಶ್ನೆ? ಅದನ್ನ ಅಳಿಸಿದ್ದು?"

"'ಅಕ್ಕಾ, ನೀನೇನಾ' ಹೇಳಿ ಕೇಳಿದ್ದೆ ಅಲ್ದಾ. ಅದನ್ನ ನೋಡಿ ಎಂಗೆ ಊಟ ಸೇರಿದ್ದಿಲ್ಲೆ. ಎಂತ ಉತ್ತರ ಕೊಡ್ಲಿ? ಪುಟದ ಅಡಿಗೆ ಈ ಫಾರಂ ಮಾಡಿದ ಮಾಣಿ ನಂಬರ್ ಇತ್ತು. ಫೋನ್ ಮಾಡಿ ತೆಗಿ ಮಾರಾಯ ಹೇಳಿದಿ. ಅಭಿಗೆ ಹೇಳಡ ಹೇಳಿ ಆಣೆ ಹಾಕಿದಿ. ಎನ್ನ ಅಳು ನೋಡಿರೆ ನೀನೂ ಅಳ್ತೆ, ಅದ್ಕೇ..."

"ಆನೂ ಅದ್ಕೇ ನಿನ್ನೆದುರು ಅತ್ತಿದ್ನಿಲ್ಲೆ ಅಮಾ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎರಡು ವರ್ಷ ಒಂದೇ ಸೂರಿನಡಿ ಒಬ್ಬರಿಂದೊಬ್ಬರು ಅಡಗಿಸಿಟ್ಟ ದುಃಖ. ಅಭಿಜ್ಞಾ ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು. ಆಮೇಲೆ ಇಬ್ಬರೂ ಮನಸಾರೆ ಅತ್ತರು, ಸ್ಫೂರ್ತಿಯ ಹೆಸರು ಹಿಡಿದು, ಗಟ್ಟಿಯಾಗಿ.

ಫೋನಿನಲ್ಲಿ ಹಸಿರು ಚುಕ್ಕೆ ಉರಿಯುತ್ತಲೇ ಇತ್ತು. ಅದನ್ನು ಆರಿಸಲು ಯಾರೂ ಕೈ ಚಾಚಲಿಲ್ಲ.

ಕಣ್ಣೊರೆಸಿಕೊಂಡ ಮೇಲೆ ಪರಿಮಳಾ ಮೆಲ್ಲಗೆ ಕೇಳಿದಳು, "ಆ ಮಾಣಿಗೆ ಎಂತಾದ್ರೂ ಬೈದ್ಯನೆ?"

ಅಭಿಜ್ಞಾ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. 

"ಅಯ್ಯೋ ದೇವರೇ! ಎನ್ನ ಮಾತು ಉಳಿಸಲೆ ಹೋಗಿ ಪಾಪ, ಅವ..."

* * *

ಮರುದಿನ ಬೆಳಿಗ್ಗೆ ರಜೆ ಹಾಕಿ ಮೊದಲ ಬಸ್ಸಿಗೇ ಶಿರಸಿಗೆ ಹೊರಟಳು. ಯಲ್ಲಾಪುರ ನಾಕೆ ತಲುಪಿದಾಗ ಮಧು ಇನ್ನೂ ಶಟರ್ ಎತ್ತುತ್ತಿದ್ದ. ಅವಳನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದ. ಕಣ್ಣಿನಲ್ಲಿ ನಿದ್ದೆ ಇರಲಿಲ್ಲ.

"ಅಳಿಸಿಬಿಟ್ರೇನ್ರಿ?" ಅವನ ಮೊದಲ ಮಾತೇ ಅದು.

"ಇಲ್ಲ."

ಅವನು ಶಟರಿಗೆ ಒರಗಿ ಉಸಿರು ಬಿಟ್ಟ.

"ಅಮ್ಮ ಎಲ್ಲಾ ಹೇಳಿದ್ಲು." ಅವಳಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು. "ಅಷ್ಟೆಲ್ಲ ಬೈದೆ ನಾನು. ಒಂದು ಮಾತು... ಒಂದೇ ಒಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲ!"

"ಆಣಿ ಹಾಕಿದ್ರು. ತಾಯಿ ಅಳ್ತಾ ಕೇಳಿದ್ದು, ಮೀರೂದು ಹೆಂಗ?"

"ನಾನು ನಿಮ್ಮನ್ನ ಕೆಟ್ಟವರು ಅಂದುಕೊಂಡೆ."

"ಅಂದ್ಕೊಳ್ರಿ ಅಂತನ ಬಿಟ್ಟೆ. ನೀವು ನನ್ನ ಮ್ಯಾಲ ಸಿಟ್ಟಾದ್ರ ಒಂದು ದಿನ ಆರ್ತದ. ನಿಮ್ಮ ತಾಯಿ ದೀಪದ ಮುಂದ ಕುಂತು ಮಾತಾಡೂದು ನಿಂತ್ರ ಅದು ತಿರುಗಿ ಬರಂಗಿಲ್ಲ." ಅವನು ತಲೆ ತಗ್ಗಿಸಿದ. "ಆದ್ರ ಸುಳ್ಳ್ಯಾಕ ಹೇಳ್ಲಿ... ನಿನ್ನೆ ನಾಲ್ಕು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಬಂದೆ. ಸಿದ್ದಾಪುರದ ಬಸ್ಸು ಹತ್ತಲೋ ಬ್ಯಾಡೋ ಅಂತ."

"ಹತ್ತಿದ್ರೆ ಏನು ಹೇಳ್ತಿದ್ರಿ?"

"ಅದು ಗೊತ್ತಾಗದs ತಿರುಗಿ ಬಂದೆ."

ಅವಳ ಕಣ್ಣು ತುಂಬಿತು, ತುಟಿ ಮಾತ್ರ ನಗುತ್ತಿತ್ತು. ರಸ್ತೆಯಲ್ಲಿ ಹುಬ್ಬಳ್ಳಿಯ ಲಾರಿಗಳು ಹೋಗುತ್ತಿದ್ದವು. ಪಕ್ಕದ ಚಹಾದಂಗಡಿಯವನು ಇವರನ್ನು ನೋಡಿ ಏನನ್ನೂ ಕೇಳದೆ ಎರಡು ಲೋಟ ತಂದಿಟ್ಟು ಹೋದ.

"ನಾನು ಹೇಳ್ಲಾ?" ಅಭಿಜ್ಞಾ ಕೇಳಿದಳು.

"ಹೇಳ್ರಿ."

"ನನಗೆ ನಿಮ್ಮನ್ನ ಕಂಡ್ರೆ ಇಷ್ಟ. ಶನಿವಾರ ಬರ್ಲಿ ಅಂತ ಸೋಮವಾರದಿಂದ ಕಾಯೋಷ್ಟು ಇಷ್ಟ. ಆದ್ರೆ ಭಯ ಆಗ್ತದೆ ಮಧು. ತುಂಬಾ ಭಯ. ಚೆನ್ನಾಗಿದ್ದ ಅಕ್ಕ ವಾರದೊಳಗೆ ಹೋಗಿಬಿಟ್ಲು. ನಾನು ಪ್ರೀತಿ ಮಾಡಿದವರು ಹಾಗೇ ಹೋಗಿಬಿಟ್ರೆ? ನೀವೂ..."

ಅವನು ತಕ್ಷಣ ಸಮಾಧಾನದ ಮಾತು ಹೇಳಲಿಲ್ಲ. ಹೇಳಿದ್ದರೆ ಅವಳು ನಂಬುತ್ತಲೂ ಇರಲಿಲ್ಲ.

"ಹೋಗಂಗಿಲ್ಲ ಅಂತ ಹೆಂಗ ಹೇಳ್ಲಿ? ಅದು ನನ್ನ ಕೈಯಾಗ ಇಲ್ಲ," ಎಂದ ಕೊನೆಗೆ. "ನಂಗೂ ನೀವಂದ್ರ ಭಾಳ ಜೀವ, ಅಭಿಜ್ಞಾ. ಇರೂತನಕ ಇರ್ತೀನಿ. ಭಯ ಆದಾಗ ಭಯ ಆಗೇತಿ ಅಂತ ಹೇಳ್ರಿ. ಒಬ್ಬರs ಇಟ್ಕೋಬ್ಯಾಡ್ರಿ."

ಅವಳು ಅವನ ಕೈ ಹಿಡಿದಳು, ಹಗಲು ಬೆಳಕಿನಲ್ಲಿ, ನಾಕೆಯ ಮಂದಿ ನೋಡುತ್ತಿರುವಾಗಲೇ.

"ಈಗ ಆಗ್ತಾ ಇದೆ."

"ಎಷ್ಟು?"

"ಸ್ವಲ್ಪ ಕಡಿಮೆ."

ಚಹಾ ಆರುತ್ತಿತ್ತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

"ಭಾನುವಾರ ಮನೆಗೆ ಬನ್ನಿ," ಎಂದಳು ಅವಳು. "ಅಮ್ಮನಿಗೆ ಇವತ್ತೇ ಹೇಳಿಡ್ತೇನೆ."

"ಏನಂತ ಹೇಳ್ತೀರಿ?"

ಅಭಿಜ್ಞಾ ಅವನ ಮುಖ ನೋಡಿದಳು. ಈ ಸಲ ಮುಖ ತಿರುಗಿಸಲಿಲ್ಲ.

"ನನ್ನವರು ಬರ್ತಾರೆ ಅಂತ."